ಗ್ಯಾರೇಜ್ ಕಟ್ಟೆ: ಹಳೇ ಜಿಪ್ಸಿಗೆ ಟ್ರೈಲರ್ ಹುಕ್

ಪ್ರಶ್ನೆ: ಸಾರ್, ಬಣಕಲ್ ಹತ್ತಿರ ನಮ್ಮದು ಆರು ಎಕರೆ ರೊಬಸ್ಟಾ ತೋಟ. 1998ರ ಜಿಪ್ಸಿ ಇದೆ. ಸ್ಪ್ರಿಂಕ್ಲರ್‌ಗೆ ಬೇಕಾದ ಡೀಸೆಲ್ ಪಂಪ್‌ಸೆಟ್ಟನ್ನು ಎರಡು ಚಕ್ರದ ಟ್ರೈಲರ್ ಮೇಲೆ ಕೂರಿಸಿದ್ದೇವೆ. ಇಷ್ಟು ವರ್ಷ ಪಕ್ಕದ ತೋಟದವರ ಟ್ರ್ಯಾಕ್ಟರ್ ಎಳೆದುಕೊಡುತ್ತಿತ್ತು. ಈಗ ಅವರು ಟ್ರ್ಯಾಕ್ಟರ್ ಮಾರಿಬಿಟ್ಟರು. ಜಿಪ್ಸಿಗೆ ಹುಕ್ ಕೇಳಿದರೆ ಅಂಗಡಿಯಲ್ಲಿ ‘ಈ ಗಾಡಿಗೆ ಬರಲ್ಲ’ ಅಂತಾರೆ. ವೆಲ್ಡಿಂಗ್ ಶಾಪಿನವರು ‘ಬಂಪರ್‌ಗೆ ಹಚ್ಚಿ ಕೊಡ್ತೀನಿ, ಅರ್ಧ ಗಂಟೆ ಕೆಲಸ’ ಅಂತಾರೆ. ಹಾಕಿಸಬಹುದಾ?
– ಬೆಳೆಗಾರರು, ಮೂಡಿಗೆರೆ ತಾಲ್ಲೂಕು

ಉತ್ತರ: ಬೇಡ ಮಾರಾಯ್ರೆ. ಆ ಅರ್ಧ ಗಂಟೆ ಕೆಲಸ ನಾನೂ ಮಾಡಿದವನೇ.

ಚಿಕ್ಕಮಗಳೂರಲ್ಲಿ ಗ್ಯಾರೇಜ್ ಶುರು ಮಾಡಿದ ಹೊಸತು. ಆಲ್ದೂರು ಕಡೆಯ ತೋಟದವರೊಬ್ಬರು ಡೀಸೆಲ್ ಜೀಪ್ ತಂದರು. ಅವರಿಗೂ ಪಂಪ್‌ಸೆಟ್ ಎಳೆಯಬೇಕಿತ್ತು. ಬಂಪರ್ ನೋಡಿದೆ, ಗಟ್ಟಿ ಇತ್ತು. ಹುಕ್ ಇಟ್ಟು ಸುತ್ತಲೂ ವೆಲ್ಡ್ ಹೊಡೆದೆ. ಜಡೆ ಹೆಣೆದ ಹಾಗೆ ಕೂತಿತ್ತು ವೆಲ್ಡು, ಹತ್ತು ಜನರಿಗೆ ತೋರಿಸಿದ್ದೆ. ಹದಿನೈದು ದಿನಕ್ಕೆ ಕರೆ ಬಂತು. ಹೋಗಿ ನೋಡಿದರೆ ಜೀಪ್ ರಸ್ತೆ ಮೇಲಿದೆ, ಟ್ರೈಲರ್ ಕೆಳಗೆ ಸಿಲ್ವರ್ ಮರಕ್ಕೆ ಒರಗಿ ನಿಂತಿದೆ. ನನ್ನ ವೆಲ್ಡ್‌ನಲ್ಲಿ ಕೂದಲೆಳೆಯಷ್ಟೂ ಬಿರುಕಿಲ್ಲ. ಬಂಪರ್ ಸಮೇತ ಹೋಗಿತ್ತು! ಬಂಪರ್ ಹಿಡಿದಿದ್ದ ಬೋಲ್ಟ್‌ಗಳು ತುಕ್ಕು ತಿಂದು ಪೆನ್ಸಿಲ್ ದಪ್ಪಕ್ಕೆ ಇಳಿದಿದ್ದವು. ಯಾರಿಗೂ ಏನೂ ಆಗಲಿಲ್ಲ, ಪುಣ್ಯ. ಪಂಪ್‌ಸೆಟ್ ರಿಪೇರಿ ಖರ್ಚು ನಾನೇ ಕೊಟ್ಟೆ.

ಹಾಗಾಗಿ ಹುಕ್ ಆಮೇಲೆ ನೋಡೋಣ. ಮೊದಲು ಒಂದು ಗೋಣಿಚೀಲ ಹಾಸಿ ಗಾಡಿ ಕೆಳಗೆ ಮಲಗಿ. ಕೈಯಲ್ಲಿ ಹಳೇ ಸ್ಕ್ರೂಡ್ರೈವರ್ ಇರಲಿ. ಜಿಪ್ಸಿಗೆ ಏಣಿಯಂಥ ಬೇರೆ ಚಾಸಿ ಇದೆ, ನಿಮ್ಮ ಅದೃಷ್ಟ. ಎರಡು ಉದ್ದದ ಪೆಟ್ಟಿಗೆ ಕಂಬ, ನಡುವೆ ಅಡ್ಡಪಟ್ಟಿಗಳು. ಹಿಂದಿನ ಎರಡಡಿ ಉದ್ದಕ್ಕೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ, ಮೊನೆಯಿಂದ ಚುಚ್ಚಿ ನೋಡಿ. ‘ಠಣ್’ ಅಂದರೆ ಸರಿ. ‘ಡಬ್’ ಅಂದರೆ ಒಳಗೆ ಮಣ್ಣು ತುಂಬಿದೆ, ಇಲ್ಲವೇ ತಗಡು ಸವೆದಿದೆ. ಮೊನೆ ಒಳಗೇ ಇಳಿದರೆ ಹುಕ್ಕಿನ ಮಾತು ಅಲ್ಲಿಗೇ ಬಿಡಿ, ಮೊದಲು ಚಾಸಿ ಕೆಲಸ ಆಗಲಿ. ನಮ್ಮ ಮಲೆನಾಡಿನ ಗಾಡಿಗಳಿಗೆ ಮಳೆ ಒಂದೇ ಶತ್ರು ಅಲ್ಲ. ಹಿಂದೆ ಪೊಟ್ಯಾಷ್ ಮೂಟೆ ಹೇರುತ್ತೀರಲ್ಲ, ಅದೂ ಒಂದು ಥರದ ಉಪ್ಪೇ. ಚೀಲ ಸೋರಿ, ನೀರು ಸೇರಿ ಚಾಸಿಯೊಳಗೆ ಇಳಿದರೆ ಕಬ್ಬಿಣ ತಿಂದು ಹಾಕುತ್ತದೆ.

ಚಾಸಿ ಚೆನ್ನಾಗಿದೆ ಅಂತಿಟ್ಟುಕೊಳ್ಳಿ. ಈಗ ಟ್ರೈಲರ್ ಕಡೆ ಬನ್ನಿ. ಟ್ರ್ಯಾಕ್ಟರ್ ಎಳೆಯುತ್ತಿತ್ತು ಅಂದರೆ ಮೂತಿಯಲ್ಲಿ ಕಬ್ಬಿಣದ ಬಳೆ ಇರಬೇಕು, ಅದಕ್ಕೆ ಮೇಲಿಂದ ಪಿನ್. ಅದೇ ಪಿನ್ ವ್ಯವಸ್ಥೆಯನ್ನು ಜಿಪ್ಸಿಗೆ ಮಾಡಿಸಬೇಡಿ. ಪಿನ್ನಿಗೂ ಬಳೆಗೂ ನಡುವೆ ಸಡಿಲ ಜಾಸ್ತಿ. ಬ್ರೇಕ್ ಒತ್ತಿದಾಗೆಲ್ಲ ಹಿಂದಿನಿಂದ ಗುದ್ದುತ್ತದೆ. ಟ್ರ್ಯಾಕ್ಟರ್ ತೂಕಕ್ಕೆ ಅದು ಲೆಕ್ಕವೇ ಅಲ್ಲ. ನಿಮ್ಮ ಜಿಪ್ಸಿ ಇರುವುದೇ ಸುಮಾರು ಒಂದು ಟನ್.

ಎರಡು ದಾರಿ ಇದೆ. ಬಳೆ ಹಾಗೇ ಇರಲಿ ಅಂದರೆ ಹಳೇ ಮಿಲಿಟರಿ ಜೀಪಿನ ಥರದ ಬಾಯಿ ಮುಚ್ಚುವ ಹುಕ್ ಹುಡುಕಿ. ಗುಜರಿಯಲ್ಲಿ ಸಿಗುತ್ತದೆ. ತೋಟದ ಹಳ್ಳ ದಿಣ್ಣೆಗೆ ಅದೇ ವಾಸಿ, ಟ್ರೈಲರ್ ಎಷ್ಟು ವಾಲಿದರೂ ತಿರುಚಿಕೊಂಡರೂ ತಡೆಯುತ್ತದೆ. ಟಾರ್ ರಸ್ತೆಯಲ್ಲೇ ಓಡಾಟ ಜಾಸ್ತಿ ಅಂದರೆ ಬಳೆ ಕತ್ತರಿಸಿ ಬಾಲ್ ಕಪ್ಲರ್ ಹಾಕಿಸಿ, ಅಂದರೆ ಗಾಡಿಯಲ್ಲಿ ಕಬ್ಬಿಣದ ಗುಂಡು (ಬಾಲ್), ಟ್ರೈಲರ್ ಮೂತಿಯಲ್ಲಿ ಅದರ ಮೇಲೆ ಕೂರುವ ಬಟ್ಟಲು (ಕಪ್ಲರ್). ಸದ್ದಿಲ್ಲದೆ ಬರುತ್ತದೆ. ಆದರೆ ಬಾಲ್ ಕೊಳ್ಳುವಾಗ ಹುಷಾರು. 50 ಮಿಲಿಮೀಟರಿನದೂ ಇದೆ, ಎರಡಿಂಚಿನದೂ ಇದೆ. ಎರಡಿಂಚು ಅಂದರೆ 50.8. ನೋಡಲು ಅವಳಿ ಜವಳಿ. 50ರ ಬಾಲಿಗೆ ಎರಡಿಂಚಿನ ಕಪ್ಲರ್ ಕೂರಿಸಿದರೆ ಕೂರುತ್ತದೆ, ಆದರೆ ಗುಂಡಿಯಲ್ಲಿ ಒಮ್ಮೆ ಎತ್ತಿಹಾಕಿದಾಗ ಹಾರಿಬಿಡಬಹುದು. ಅಳತೆಯನ್ನು ಸಾಮಾನ್ಯವಾಗಿ ಅದರ ಮೇಲೇ ಅಚ್ಚೊತ್ತಿರುತ್ತಾರೆ. ಓದಿ ತೆಗೆದುಕೊಳ್ಳಿ. ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗುವವರು ಯಾರಾದರೂ ಇದ್ದರೆ ಬಾಯಲ್ಲಿ ಹೇಳಿ ಕಳಿಸಬೇಡಿ, ಕಪ್ಲರನ್ನೇ ಕೈಗೆ ಕೊಟ್ಟು ಕಳಿಸಿ.

ನಿಮ್ಮ ಕೆಲಸಕ್ಕೆ ನನ್ನ ಓಟು ಜೀಪ್ ಹುಕ್ಕಿಗೆ.

ಇನ್ನು ಕೂರಿಸುವುದು. ರೆಡಿಮೇಡ್ ಸಿಗದಿದ್ದರೆ ಬೇಜಾರಿಲ್ಲ, ಒಳ್ಳೆಯ ಲೇತ್ ಶಾಪಿನವರು ಮಾಡಿಕೊಡುತ್ತಾರೆ. ಮೊದಲು ಮಿಕ್ಸಿ ಬಂದ ರಟ್ಟಿನ ಡಬ್ಬ ಕತ್ತರಿಸಿ ಚಾಸಿಗೆ ಹಿಡಿದು ಅಚ್ಚು ತೆಗೆಯಿರಿ. ಹತ್ತು ಮಿಲಿಮೀಟರ್ ದಪ್ಪದ ಪ್ಲೇಟು ಎಡಕ್ಕೊಂದು, ಬಲಕ್ಕೊಂದು. ನಡುವೆ ಚೌಕದ ಪೈಪ್. ಹುಕ್ ಆ ಪೈಪಿನ ಮಧ್ಯಕ್ಕೆ. ಪ್ಲೇಟುಗಳು ಚಾಸಿ ಕಂಬದ ಪಕ್ಕಕ್ಕೆ ಬೋಲ್ಟ್‌ನಲ್ಲಿ ಕೂರಬೇಕು, ವೆಲ್ಡ್‌ನಲ್ಲಲ್ಲ. ತೂತು ಹೊಡೆಯುವುದು ಕಂಬದ ಪಕ್ಕದ ಗೋಡೆಯ ನಡುಮಧ್ಯಕ್ಕೆ. ಮೇಲಿನ ಮತ್ತು ಕೆಳಗಿನ ಅಂಚು ಮುಟ್ಟಲೇಬೇಡಿ, ಭಾರವೆಲ್ಲ ಹೊರುವುದು ಅವೇ.

ಇಲ್ಲೊಂದು ಸಣ್ಣ ವಿಷಯ, ಬಹಳ ಜನ ಬಿಟ್ಟುಬಿಡುತ್ತಾರೆ. ಜಿಪ್ಸಿ ಚಾಸಿ ಒಳಗೆ ಟೊಳ್ಳು. ಈ ಕಡೆಯಿಂದ ಆ ಕಡೆಗೆ ಬೋಲ್ಟ್ ತೂರಿಸಿ ಸ್ಪ್ಯಾನರ್ ಹಾಕಿ ಜಗ್ಗಿದರೆ ಪೆಟ್ಟಿಗೆ ಅಪ್ಪಚ್ಚಿಯಾಗುತ್ತದೆ. ಬೋಲ್ಟ್ ಬಿಗಿಯಾಯಿತು ಅಂತ ನಾವಂದುಕೊಳ್ಳುತ್ತೇವೆ. ನಿಜಕ್ಕೂ ಆಗಿರುವುದು ತಗಡು ಒಳಗೆ ಹೋಗಿದ್ದು. ನಾಲ್ಕು ದಿನಕ್ಕೆ ಮತ್ತೆ ಸಡಿಲ. ಅದಕ್ಕೆ ಚಾಸಿಯ ಒಳಗಲಕ್ಕೆ ಸರಿಯಾಗಿ ಪೈಪಿನ ತುಂಡು ಕತ್ತರಿಸಿ, ಬೋಲ್ಟ್ ಅದರೊಳಗಿಂದ ಹಾಯುವ ಹಾಗೆ ಕೂರಿಸಬೇಕು. ಬಿಗಿ ಪೈಪಿನ ಮೇಲೆ ಬೀಳುತ್ತದೆ, ಚಾಸಿ ಮೇಲಲ್ಲ. ಬೋಲ್ಟ್ 12 ಮಿಲಿಮೀಟರ್, ತಲೆ ಮೇಲೆ 8.8 ಅಂತ ಬರೆದಿರಬೇಕು, ಅದು ಬೋಲ್ಟಿನ ಗಟ್ಟಿತನದ ಗುರುತು. ನೈಲಾಕ್ ನಟ್ ಹಾಕಿ, ಒಳಗೆ ನೈಲಾನ್ ಬಳೆ ಇರುವುದರಿಂದ ಸುಲಭಕ್ಕೆ ಸಡಿಲವಾಗಲ್ಲ. ನೂರು ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ಎಲ್ಲದಕ್ಕೂ ಸ್ಪ್ಯಾನರ್ ಹಾಕಿ ನೋಡಿ.

ತೂಕದ ಲೆಕ್ಕ ಹೇಳಿಬಿಡುತ್ತೇನೆ. ಟ್ರೈಲರ್‌ಗೆ ಸ್ವಂತ ಬ್ರೇಕ್ ಇಲ್ಲ ಅಲ್ವಾ? ಹಾಗಿದ್ದರೆ ಗಾಡಿ ತೂಕದ ಅರ್ಧಕ್ಕಿಂತ ಜಾಸ್ತಿ ಕಟ್ಟಬೇಡಿ. ನಿಮಗೆ 500 ಕೆ.ಜಿ. ಒಳಗೆ. ವೇ ಬ್ರಿಡ್ಜ್‌ನಲ್ಲಿ ಪಂಪ್ ಸಮೇತ ಒಮ್ಮೆ ತೂಗಿಸಿ. ಆಮೇಲೆ ಮೂತಿಯ ಭಾರ. ಟ್ರೈಲರ್ ಮಟ್ಟವಾಗಿ ನಿಲ್ಲಿಸಿ, ಬಳೆಯ ಕೆಳಗೆ ಮನುಷ್ಯರು ತೂಕ ನೋಡುವ ಮೆಷಿನ್ ಇಡಿ. 400 ಕೆ.ಜಿ. ಟ್ರೈಲರ್ ಆದರೆ ಮೂವತ್ತರಿಂದ ನಲವತ್ತು ಕೆ.ಜಿ. ತೋರಿಸಬೇಕು. ಕಮ್ಮಿ ಬಂದರೆ ಪಂಪನ್ನು ಸ್ವಲ್ಪ ಮುಂದಕ್ಕೆ ಸರಿಸಿ. ಭಾರ ಚಕ್ರದ ಅಚ್ಚಿನ ಹಿಂದಕ್ಕೆ ಹೋದರೆ ಟ್ರೈಲರ್ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ, ಜಿಪ್ಸಿಯಂಥ ಗಿಡ್ಡ ಗಾಡಿಯನ್ನೂ ಅಲ್ಲಾಡಿಸುತ್ತದೆ. ಅಲ್ಯುಮಿನಿಯಂ ಪೈಪುಗಳನ್ನು ಅದರ ಮೇಲೇ ಹೇರುವವರು ಇದನ್ನು ಎರಡು ಸಲ ಓದಿ.

ಎರಡು ಚೈನ್ ಕಡ್ಡಾಯ. ಹುಕ್ಕಿನ ಕೆಳಗೆ ಒಂದರ ಮೇಲೊಂದು ಅಡ್ಡ ಬರುವ ಹಾಗೆ ಕಟ್ಟಿ, ಹುಕ್ ಬಿಟ್ಟರೂ ಮೂತಿ ನೆಲಕ್ಕೆ ಬೀಳದೆ ಚೈನ್ ಮೇಲೇ ಕೂರುತ್ತದೆ. ಗಾಡಿ ಕಡೆಯ ಚೈನಿನ ತುದಿಯನ್ನು ಚಾಸಿಗೇ ಕಟ್ಟಿ, ಹುಕ್ಕಿಗಲ್ಲ.

ಲೈಟಿಗೆ ಏಳು ಪಿನ್ನಿನ ಸಾಕೆಟ್ ಹಾಕಿಸಿ. ರೂಢಿಯ ಬಣ್ಣ ಹೀಗೆ: ಬಿಳಿ ಅರ್ತ್, ಹಳದಿ ಎಡ ಇಂಡಿಕೇಟರ್, ಹಸಿರು ಬಲ, ಕೆಂಪು ಬ್ರೇಕ್, ಕಂದು ಮತ್ತು ಕಪ್ಪು ಟೇಲ್ ಲೈಟ್. ನಿಮ್ಮ ಟ್ರೈಲರ್ ಮಾಡಿದವರು ಕೈಗೆ ಸಿಕ್ಕ ವೈರ್ ಹಾಕಿರುತ್ತಾರೆ, ಟೆಸ್ಟ್ ಲ್ಯಾಂಪ್ ಹಿಡಿದೇ ನೋಡಿ. ಬಲ ಇಂಡಿಕೇಟರ್ ಹಾಕಿದಾಗ ಟೇಲ್ ಲೈಟೂ ಮಿಣಮಿಣ ಅಂದರೆ ಅರ್ತ್ ಕೈಕೊಟ್ಟಿದೆ ಅಂತ ಲೆಕ್ಕ. ಹುಕ್ಕಿನ ಮೂಲಕವೇ ಅರ್ತ್ ಸಿಗುತ್ತದೆ ಅನ್ನುವವರ ಮಾತು ಕೇಳಬೇಡಿ. ಗ್ರೀಸ್ ಹಚ್ಚಿದ ಕಬ್ಬಿಣ ಅದು.

ಟಾರ್ ರಸ್ತೆಗೆ ಇಳಿಯುವುದಾದರೆ ಟ್ರೈಲರ್‌ಗೂ ಪ್ರತ್ಯೇಕ ನೋಂದಣಿ ಬೇಕು. 1988ರ ಮೋಟಾರು ವಾಹನ ಕಾಯ್ದೆ ಅದನ್ನೂ ವಾಹನವೆಂದೇ ನೋಡುತ್ತದೆ. ಹುಕ್ ಮಾಡಿಸುವ ಮೊದಲೇ ಒಂದು ಸಲ ಆರ್‌ಟಿಒ ಕಚೇರಿಗೆ ಹೋಗಿ ವಿಚಾರಿಸಿ, ಇನ್ಶೂರೆನ್ಸ್‌ನವರಿಗೂ ಹೇಳಿ. ಚಾರ್ಮಾಡಿ ಘಾಟಿಗೆ ಮಾತ್ರ ಇದನ್ನು ಕಟ್ಟಿಕೊಂಡು ಇಳಿಯಬೇಡಿ. ತೋಟದ ಇಳಿಜಾರಿನಲ್ಲಿ ಲೋ ಗೇರ್ ಹಾಕಿ, ಬ್ರೇಕ್ ನಂಬಬೇಡಿ.

ಪ್ರಶ್ನೆ: 2004ರ ಮಾರುತಿ 800ಕ್ಕೆ ಇಂಥದ್ದೇ ಹುಕ್ ಹಾಕಿಸಿ ಆಲೂಗೆಡ್ಡೆ ಮೂಟೆ ಸಾಗಿಸಬಹುದೇ? ಹತ್ತು ಮೂಟೆ ಇರುತ್ತದೆ.
– ರೈತರು, ಹಾಸನ

ಉತ್ತರ: ಆಗಲ್ಲ ಸ್ವಾಮಿ. 800ಕ್ಕೆ ಬೇರೆ ಚಾಸಿಯೇ ಇಲ್ಲ, ಬಾಡಿ ತಗಡೇ ಎಲ್ಲ. ಐವತ್ತು ಕೆ.ಜಿ.ಯ ಹತ್ತು ಮೂಟೆ ಅಂದರೆ ಕಾರಿನ ತೂಕಕ್ಕೇ ಹತ್ತಿರ ಬಂತು. ಗೂಡ್ಸ್ ಆಟೋ ಕರೆಯಿರಿ, ಹುಕ್ಕಿನ ಖರ್ಚಿಗಿಂತ ಕಮ್ಮಿ.

ಪ್ರಶ್ನೆ: ಬೊಲೆರೋಗೆ ಟ್ರೈಲರ್ ಕಟ್ಟಿದ್ದೇನೆ. ಮುಂದೆ ಹೋಗುವುದು ಸಲೀಸು, ರಿವರ್ಸ್ ಬಂದರೆ ಸಾಕು, ಮಡಚಿಕೊಳ್ಳುತ್ತದೆ. ಮಗ ನಗುತ್ತಾನೆ.
– ಓದುಗರು, ಸಕಲೇಶಪುರ

ಉತ್ತರ: ಸ್ಟೀರಿಂಗನ್ನು ಕೆಳತುದಿಯಲ್ಲಿ ಒಂದೇ ಕೈಯಲ್ಲಿ ಹಿಡಿಯಿರಿ. ಟ್ರೈಲರ್ ಬಾಲ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆಗೇ ಸರಿಸಿ, ಸ್ವಲ್ಪವೇ. ಮಡಚಲು ಶುರುವಾಯಿತು ಅಂದರೆ ಜಗಳಕ್ಕೆ ನಿಲ್ಲಬೇಡಿ, ಹತ್ತಡಿ ಮುಂದೆ ಹೋಗಿ ನೇರ ಮಾಡಿಕೊಂಡು ಮತ್ತೆ ಬನ್ನಿ. ಕಾಫಿ ಒಣಗಿಸುವ ಕಣ ಖಾಲಿ ಇರುವಾಗ ಎರಡು ಸಂಜೆ ಅಭ್ಯಾಸ ಮಾಡಿ. ಮೂರನೇ ಸಂಜೆ ಮಗನ ಕೈಗೆ ಸ್ಟೀರಿಂಗ್ ಕೊಟ್ಟು ನೀವು ನೋಡುತ್ತಾ ನಿಲ್ಲಿ.