ಹೆಸರು ಬಿಟ್ಟ, ಹದಿನಾಲ್ಕು ಬಿಡಲಿಲ್ಲ

ಪ್ರಶ್ನೆ: 1996ರ ಯೂರೋ ಕಪ್‌ನ ಹಳೇ ವಿಡಿಯೊ ನೋಡುತ್ತಿದ್ದೆ. ನೆದರ್‌ಲೆಂಡ್ಸ್ ಟೀಮಿನಲ್ಲಿ ಯೋಹಾನ್ ಕ್ರೈಫ್ ಮಗನೂ ಇದ್ದಾನೆ, ಆದರೆ ಶರ್ಟಿನ ಬೆನ್ನ ಮೇಲೆ ಬರೀ ‘ಜೋರ್ಡಿ’ ಅಂತಿದೆ. ಅಪ್ಪನ ಮೇಲೆ ಸಿಟ್ಟಾ?
– ಓದುಗರೊಬ್ಬರು, ಶಿವಮೊಗ್ಗ

ಸಿಟ್ಟೇನಿಲ್ಲ ಸಾರ್. ಬೆನ್ನ ಮೇಲೆ ‘ಕ್ರೈಫ್’ ಅಂತಿದ್ದರೆ ಬಾಲ್ ಮುಟ್ಟಿದಾಗಲೆಲ್ಲ ಜನ ಅಪ್ಪನನ್ನೇ ಹುಡುಕುತ್ತಾರೆ. ಆ ಅಪ್ಪ ಮೂರು ಸಲ ಬ್ಯಾಲನ್ ಡಿ’ಓರ್, ಅಂದರೆ ಯೂರೋಪಿನ ವರ್ಷದ ಶ್ರೇಷ್ಠ ಫುಟ್‌ಬಾಲ್ ಆಟಗಾರನ ಪ್ರಶಸ್ತಿ, ಗೆದ್ದವನು. ಯಾರಿಗೆ ಬೇಕು ಆ ಹೋಲಿಕೆ!

ಆದರೆ ತಮಾಷೆ ನೋಡಿ, ಆ ‘ಜೋರ್ಡಿ’ ಅನ್ನುವ ಹೆಸರು ಉಳಿದದ್ದೂ ಅಪ್ಪನ ಹಟದಿಂದಲೇ. 1974ರ ಫೆಬ್ರವರಿಯಲ್ಲಿ ಕ್ರೈಫ್ ಬಾರ್ಸಿಲೋನಾಗೆ ಆಡುತ್ತಿದ್ದ. ಹೆರಿಗೆಯ ದಿನವೂ ರಿಯಲ್ ಮ್ಯಾಡ್ರಿಡ್ ಮ್ಯಾಚೂ ಒಂದಕ್ಕೊಂದು ಅಡ್ಡ ಬರುವ ಹಾಗಿತ್ತು. ಸರಿ, ಸಿಸೇರಿಯನ್ ಮಾಡಿಸಿ ಹೆರಿಗೆಯನ್ನೇ ಮುಂಚೆ ಮುಗಿಸಿದರು. 9ನೇ ತಾರೀಖು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮಗು ಹುಟ್ಟಿತು. 17ಕ್ಕೆ ಅಪ್ಪ ಮ್ಯಾಡ್ರಿಡ್‌ನಲ್ಲಿ ಹಾಜರ್. ಬಾರ್ಸಿಲೋನಾ 5-0 ಗೆದ್ದಿತು, ಅದರಲ್ಲಿ ಒಂದು ಗೋಲು ಅವನದೇ. ಹುಟ್ಟುವ ದಿನವನ್ನೂ ಅಪ್ಪನ ಮ್ಯಾಚ್ ನೋಡಿಕೊಂಡು ಇಟ್ಟ ಮಗು ಇದು!

ಆಮೇಲೆ ಮಗುವಿನ ಹೆಸರು ಬರೆಸಲು ಬಾರ್ಸಿಲೋನಾದ ನೋಂದಣಿ ಕಚೇರಿಗೆ ಹೋದರೆ, ಗುಮಾಸ್ತ ಆಗಲ್ಲ ಅಂದ. ಜೋರ್ಡಿ ಅನ್ನುವುದು ಕ್ಯಾಟಲನ್ ಹೆಸರು, ಬಾರ್ಸಿಲೋನಾ ಇರುವ ಕ್ಯಾಟಲೋನಿಯಾ ಸೀಮೆಯನ್ನು ಕಾಯುವ ಸಂತನ ಹೆಸರು. ಸ್ಪೇನಿನಲ್ಲಿ ಫ್ರಾಂಕೊನ ಸರ್ವಾಧಿಕಾರದ ಕಾಲ ಅದು, ಕ್ಯಾಟಲನ್ ಹೆಸರಿಗೆ ಅವಕಾಶ ಇರಲಿಲ್ಲ, ಸ್ಪ್ಯಾನಿಷ್‌ನಲ್ಲಿ ‘ಹೋರ್ಹೆ’ ಅಂತ ಬೇಕಾದರೆ ಬರೆಯುತ್ತೇನೆ ಅಂದ. ಕ್ರೈಫ್ ಜಗ್ಗಲಿಲ್ಲ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಆಗಲೇ ಜೋರ್ಡಿ ಅಂತ ಬರೆಸಿ ಆಗಿತ್ತು, ಆ ಜನನ ಪತ್ರ ಮುಂದಿಟ್ಟ. ಗುಮಾಸ್ತ ಬರೆದುಕೊಳ್ಳಲೇಬೇಕಾಯಿತು.

ಇನ್ನೊಂದು ವಿಷಯ. ಯೂರೋ ಮುಗಿಸಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋದನಲ್ಲ, ಅಲ್ಲಿ ಇವನ ನಂಬರ್ ಎಷ್ಟು ಗೊತ್ತಾ? 14. ಅಪ್ಪನದೇ ನಂಬರ್!

ಪ್ರಶ್ನೆ: ಅಪ್ಪ ಕೋಚ್ ಆಗಿದ್ದಕ್ಕೇ ಜೋರ್ಡಿಗೆ ಬಾರ್ಸಿಲೋನಾದಲ್ಲಿ ಜಾಗ ಸಿಕ್ಕಿತು ಅಂತ ಗೆಳೆಯ ವಾದ ಮಾಡುತ್ತಾನೆ. ಹೌದಾ?
– ಓದುಗರೊಬ್ಬರು, ಧಾರವಾಡ

ನಿಮ್ಮ ಗೆಳೆಯ ಪೂರ್ತಿ ಸುಳ್ಳು ಹೇಳುತ್ತಿಲ್ಲ. 1994ರಲ್ಲಿ ಅವನನ್ನು ದೊಡ್ಡ ಟೀಮಿಗೆ ಇಳಿಸಿದ್ದು ಅಪ್ಪನೇ. ಆದರೆ ಆ ಬಾಗಿಲು ಮುಚ್ಚಿದ್ದೂ ಅಪ್ಪನಿಂದಲೇ ಅಲ್ವಾ? 1996ರ ಮೇ ತಿಂಗಳಲ್ಲಿ ಕ್ಲಬ್ಬು ಅಪ್ಪನನ್ನು ತೆಗೆದುಹಾಕಿತು, ಆ ಬೇಸಿಗೆಯಲ್ಲೇ ಮಗನೂ ಜಾಗ ಖಾಲಿ ಮಾಡಿದ.

ಆಟ ಹೇಗಿತ್ತು ಅಂದರೆ, ಒಳ್ಳೆ ಆಟಗಾರ, ಮಹಾ ಆಟಗಾರ ಅಲ್ಲ. ದೇಶಕ್ಕೆ 9 ಪಂದ್ಯ, ಒಂದು ಗೋಲು, ಅದೂ ಆ ಯೂರೋದಲ್ಲೇ ಸ್ವಿಟ್ಜರ್ಲೆಂಡ್ ವಿರುದ್ಧ. ಅಪ್ಪನದು 48 ಪಂದ್ಯಕ್ಕೆ 33. ಯುನೈಟೆಡ್‌ನಲ್ಲಿ ಗಾಯದ ಕಾಟ ಜಾಸ್ತಿ, ಟೀಮಿನಲ್ಲಿ ಜಾಗ ಗಟ್ಟಿಯಾಗಲೇ ಇಲ್ಲ.

ಆದರೆ ಗೆಳೆಯನಿಗೆ 2001ರ ಮೇ 16ರ ಮ್ಯಾಚ್ ಹಾಕಿ ತೋರಿಸಿ. ಯುಇಎಫ್‌ಎ ಕಪ್ ಫೈನಲ್, ಡಾರ್ಟ್‌ಮಂಡ್‌ನಲ್ಲಿ. ಒಂದು ಕಡೆ ಲಿವರ್‌ಪೂಲ್, ಇನ್ನೊಂದು ಕಡೆ ಅಲಾವೆಸ್ ಅನ್ನುವ ಪುಟ್ಟ ಕ್ಲಬ್ಬು, ಜೋರ್ಡಿ ಆಗ ಅದರಲ್ಲಿ ಆಡುತ್ತಿದ್ದ. ಸ್ಪೇನಿನ ಬಾಸ್ಕ್ ಸೀಮೆಯ ವಿಟೋರಿಯಾ ಊರಿನದು, ಯೂರೋಪಿನ ಕಪ್ ಆಡಿದ್ದೇ ಅದು ಮೊದಲನೇ ಸಲ. ಇಂಟರ್ ಮಿಲಾನ್‌ ತಂಡವನ್ನು ಅದರ ಮೈದಾನದಲ್ಲೇ ಸೋಲಿಸಿ ಬಂದಿದ್ದರು, ಅಲ್ಲೂ ಜೋರ್ಡಿ ಗೋಲು ಹೊಡೆದಿದ್ದ. ಫೈನಲ್‌ನಲ್ಲಿ ಅರ್ಧ ಹೊತ್ತಿಗೆ 1-3 ಹಿಂದೆ, ಆಮೇಲೆ 3-3, ಮತ್ತೆ 3-4. ಮುಗಿಯಿತು ಅಂತ ಎಲ್ಲರೂ ಅಂದುಕೊಂಡಿರುವಾಗ, ಇನ್ನೇನು ಒಂದೆರಡು ನಿಮಿಷ ಉಳಿದಿರುವಾಗ, ಕಾರ್ನರ್ ಬಂತು, ಜೋರ್ಡಿ ಹಾರಿ ತಲೆ ಕೊಟ್ಟ. 4-4! ಕೊನೆಗೆ ಹೆಚ್ಚುವರಿ ಸಮಯದಲ್ಲಿ ತಮ್ಮದೇ ಆಟಗಾರನ ತಲೆಗೆ ತಾಗಿ ಬಾಲ್ ಒಳಗೆ ಹೋಯಿತು, ಹೆಚ್ಚುವರಿ ಸಮಯದಲ್ಲಿ ಮೊದಲು ಗೋಲು ಬಿದ್ದ ಕೂಡಲೇ ಆಟ ಮುಗಿಯುವ ಗೋಲ್ಡನ್ ಗೋಲ್ ನಿಯಮ ಆಗ ಇತ್ತು, ಅಲ್ಲಿಗೆ ಆಟ ಬಂದ್. ಸೋತರು. ಆದರೆ ಆ ಹೆಡರ್‌ಗೆ ಯಾವ ಅಪ್ಪನ ಶಿಫಾರಸೂ ಇರಲಿಲ್ಲ ಅಂತ ನಿಮ್ಮ ಗೆಳೆಯನಿಗೆ ಹೇಳಿ.

ಪ್ರಶ್ನೆ: ಅಪ್ಪ ಮಗ ಒಟ್ಟಿಗೆ ಒಂದೇ ದೇಶಕ್ಕೆ ಆಡಿದ್ದು ಉಂಟಾ?
– ಓದುಗರೊಬ್ಬರು, ಪುತ್ತೂರು

ಒಂದು ಅರ್ಧ ಉದಾಹರಣೆ ಇದೆ. 1996ರ ಏಪ್ರಿಲ್ 24, ಎಸ್ಟೋನಿಯಾ ವಿರುದ್ಧ ಐಸ್‌ಲೆಂಡ್. ಅಪ್ಪ ಆರ್ನೊರ್ ಗುಡ್ಯಾನ್ಸನ್‌ಗೆ 34, ಮಗ ಐದುರ್‌ಗೆ 17. ದ್ವಿತೀಯಾರ್ಧದಲ್ಲಿ ಅಪ್ಪ ಹೊರಗೆ ಬಂದ, ಅದೇ ಜಾಗಕ್ಕೆ ಮಗ ಇಳಿದ. ಮುಂದೆ ತವರಿನ ಮೈದಾನದಲ್ಲಿ ಇಬ್ಬರನ್ನೂ ಒಟ್ಟಿಗೆ ಆಡಿಸೋಣ ಅಂತ ಲೆಕ್ಕಾಚಾರ ಇತ್ತು, ಅಷ್ಟರಲ್ಲಿ ಮಗನ ಕಾಲಿಗೆ ದೊಡ್ಡ ಪೆಟ್ಟಾಯಿತು. ಆಮೇಲೆ ಅವನು ಚೆಲ್ಸಿ, ಬಾರ್ಸಿಲೋನಾ ಅಂತ ಅಪ್ಪನಿಗಿಂತ ದೊಡ್ಡ ಹೆಸರು ಮಾಡಿದ. ದೇಶದ ಶರ್ಟಿನಲ್ಲಿ ಇಬ್ಬರೂ ಎದುರುಬದುರಾದದ್ದು ಮಾತ್ರ ಆವತ್ತು ಗೆರೆಯ ಪಕ್ಕದಲ್ಲಿ, ಒಬ್ಬ ಒಳಗೆ ಬರುವಾಗ ಇನ್ನೊಬ್ಬ ಹೊರಗೆ ಹೋಗುವಾಗ, ಅಷ್ಟೇ.