ಓದುಗರ ಪ್ರಶ್ನೆ: ಬಾಂಬರ್‌ಗೆ ಬೆಂಗಾವಲು, ಕ್ಯಾನ್ವಾಸಿನ ಮೇಲೆ

ಪ್ರಶ್ನೆ: ಎರಡನೇ ಮಹಾಯುದ್ಧದ ಬಿ-17 ಬಾಂಬರ್‌ ಮತ್ತು ಅದನ್ನು ಕಾಯುವ ಫೈಟರ್ ವಿಮಾನ ಪಿ-51 ಮಸ್ಟಾಂಗ್‌ಗಳನ್ನು ಎಣ್ಣೆಬಣ್ಣದಲ್ಲಿ ಬಿಡಿಸುತ್ತಿದ್ದೇನೆ. ಮಸ್ಟಾಂಗ್‌ಗಳು ಆಟಿಕೆಯಂತೆ ಕಾಣುತ್ತಿವೆ. ಎಲ್ಲಿ ಎಡವಿದ್ದೇನೆ? (ಧಾರವಾಡ)

ಉತ್ತರ: ಮೊದಲು ಅಳತೆಪಟ್ಟಿ ತೆಗೆಯಿರಿ. ಬಿ-17ರ ರೆಕ್ಕೆಯಗಲ 31.6 ಮೀಟರ್, ಮಸ್ಟಾಂಗ್‌ನದು 11.3. ಎರಡೂ ನಿಮ್ಮಿಂದ ಒಂದೇ ದೂರದಲ್ಲಿದ್ದು ಒಂದೇ ದಿಕ್ಕಿಗೆ ಮುಖಮಾಡಿದ್ದರೆ, ಬಾಂಬರ್ 30 ಸೆಂ.ಮೀ. ಇದ್ದಾಗ ಮಸ್ಟಾಂಗ್ 10.7 ಸೆಂ.ಮೀ. ಇರಬೇಕು. ಅದನ್ನು 5 ಸೆಂ.ಮೀ.ಗೆ ಇಳಿಸಿದಿರೋ, ಅದು ಎರಡು ಪಟ್ಟು ದೂರ ಹೋಯಿತು. ಹಾಗೆ ದೂರ ಕಳಿಸಿದ ಮೇಲೂ ಫಲಕಗಳ ಜೋಡಣೆಗೆರೆ, ಕಪ್ಪು ನೆರಳು, ಬೆಳ್ಳಿ ಹೊಳಪನ್ನು ಹತ್ತಿರದ ವಿಮಾನದಷ್ಟೇ ಗಾಢವಾಗಿ ಉಳಿಸಿದರೆ ಆಟಿಕೆಯಾಗದೆ ಇನ್ನೇನಾದೀತು? ಕಡುಗಪ್ಪನ್ನು ನೀಲಿಬೂದಿಗೆ ತಿರುಗಿಸಿ, ಅಂಚುಗಳನ್ನು ಮೆತ್ತಗೆ ಮಾಡಿ. ಆದರೆ ಮಿತಿಮೀರಬೇಡಿ: 25,000 ಅಡಿಯಲ್ಲಿ ಗಾಳಿ ತೆಳು, ಮಬ್ಬೂ ಕಡಿಮೆ. ಮಬ್ಬೆಲ್ಲ ಕೆಳಗಿನ ನೆಲಕ್ಕೆ ಸೇರಿದ್ದು.

ಇನ್ನೊಂದು ಪರೀಕ್ಷೆ ದಿಗಂತದ್ದು. ನೋಡುವವನ ಎತ್ತರದಲ್ಲೇ ಹಾರುವ ವಿಮಾನ ಹೆಚ್ಚುಕಡಿಮೆ ದಿಗಂತದ ಗೆರೆಯ ಮೇಲೇ ಕೂರುತ್ತದೆ. ಗೆರೆಗಿಂತ ಸ್ಪಷ್ಟವಾಗಿ ಮೇಲೆ ಇಟ್ಟ ವಿಮಾನದ ಹೊಟ್ಟೆ ಕಾಣಬೇಕು, ಕೆಳಗೆ ಇಟ್ಟದ್ದರ ಬೆನ್ನು. ವಿಮಾನ ವಾಲಿದ್ದರೆ ಲೆಕ್ಕ ಬೇರೆ. ಬೇರೆಬೇರೆ ಫೋಟೋಗಳಿಂದ ನಕಲು ಮಾಡಿ ಜೋಡಿಸಿದ ಚಿತ್ರಗಳು ಸಿಕ್ಕಿಬೀಳುವುದು ಇಲ್ಲೇ.

ಮಸ್ಟಾಂಗನ್ನು ಬಾಂಬರಿನ ರೆಕ್ಕೆತುದಿಗೆ ಅಂಟಿಸಿದಂತೆ ಬಿಡಿಸುವುದು ನನಗಂತೂ ಒಪ್ಪಿಗೆಯಾಗದು. ಎದುರಿನಿಂದ ನೋಡಿದರೆ ಅದು ಜರ್ಮನರ ಫೈಟರ್ ವಿಮಾನ ಬಿಎಫ್-109 ಇದ್ದಂತೆಯೇ ಇರುತ್ತಿತ್ತು. ತಮ್ಮತ್ತ ಮೂತಿ ತಿರುಗಿಸಿದ ಯಾವುದಕ್ಕೂ ಬಾಂಬರಿನ ಬಂದೂಕುಗಾರರು ಗುಂಡು ಹಾರಿಸುತ್ತಿದ್ದರು. ಹಾಗಾಗಿ ಬೆಂಗಾವಲು ದೂರ ಕಾಯ್ದುಕೊಳ್ಳುತ್ತಿತ್ತು. ಬಾಂಬರಿಗಿಂತ ವೇಗ ಹೆಚ್ಚಾದ್ದರಿಂದ ಅವುಗಳ ಮೇಲ್ಗಡೆ ಹಾವಿನಂತೆ ಅಂಕುಡೊಂಕಾಗಿ ಹಾರುತ್ತಿತ್ತು. ನಾಲ್ಕು ನಾಲ್ಕರ ತಂಡಗಳಾಗಿ ಬಿಡಿಸಿ.

ಪ್ರಶ್ನೆ: ವಿಮಾನದ ಹಿಂದಿನ ಬಿಳಿ ಹೊಗೆಗೆರೆ ಹತ್ತಿಯ ಹಗ್ಗದಂತೆ ಬರುತ್ತಿದೆ. (ಮೈಸೂರು)

ಉತ್ತರ: ಅದು ಹೊಗೆಯಲ್ಲ. ಎಂಜಿನ್ ಉಗುಳುವ ನೀರಾವಿ ಸುಮಾರು ಮೈನಸ್ 40 ಡಿಗ್ರಿ ಅಥವಾ ಅದಕ್ಕೂ ಕೊರೆಯುವ ಗಾಳಿಯಲ್ಲಿ ಹಿಮಕಣವಾಗುವುದು. ಹೆಪ್ಪುಗಟ್ಟಲು ಒಂದಿಷ್ಟು ಹೊತ್ತು ಬೇಕು. ಆದ್ದರಿಂದ ಎಂಜಿನ್ನಿಗೂ ಗೆರೆಗೂ ನಡುವೆ ಖಾಲಿ ಜಾಗ ಬಿಡಿ. ಬಿ-17ಕ್ಕೆ ನಾಲ್ಕು ಎಳೆ, ಹಿಂದೆ ಹೋದಂತೆ ಅವು ಕಲೆಯುತ್ತವೆ, ಮಸ್ಟಾಂಗ್‌ಗೆ ಒಂದೇ. ಬಾಂಬರಿನ ಗೆರೆ ನೇರ, ಬೆಂಗಾವಲಿನದು ಬಾಗು. ಈ ಎರಡರ ತಾಕಲಾಟವೇ ಚಿತ್ರಕ್ಕೆ ಜೀವ. ಆಕಾಶದ ಬಣ್ಣ ಹಸಿಯಿರುವಾಗಲೇ ಹಚ್ಚಿ, ಒಣಕುಂಚದಿಂದ ಒಂದು ಅಂಚನ್ನು ಮಾತ್ರ ಕರಗಿಸಿ. ನೆರಳಿನ ಬದಿಗೆ ಅಲ್ಟ್ರಾಮರೀನ್ ಬೆರೆಸಿದ ಬೂದು ಕೊಡಿ. ಅಪ್ಪಟ ಬಿಳಿ ಬಿಸಿಲು ಬಿದ್ದ ಕಡೆ ಮಾತ್ರ.

ಪ್ರಶ್ನೆ: 1943ರ ಅಕ್ಟೋಬರ್ 14ರಂದು ಜರ್ಮನಿಯ ಶ್ವೈನ್‌ಫುರ್ಟ್ ನಗರದ ಮೇಲೆ ನಡೆದ ಬಾಂಬ್ ದಾಳಿಗೆ ಕೆಂಪುಬಾಲದ ಮಸ್ಟಾಂಗ್ ಹೊಂದುತ್ತದೆಯೆ? (ಪುಣೆ)

ಉತ್ತರ: ಖಂಡಿತ ಇಲ್ಲ, ಎರಡು ತಪ್ಪು ಒಟ್ಟಿಗೆ ಆಗುತ್ತವೆ. ಅಂದು 60 ಬಿ-17ಗಳು ನಷ್ಟವಾದದ್ದೇ ಅಷ್ಟು ದೂರ ಕಾಯುವ ಬೆಂಗಾವಲು ಇಲ್ಲದ್ದರಿಂದ. ಅಮೆರಿಕದ ಪಿ-47 ಫೈಟರ್‌ಗಳು ಇಂಧನದ ಮಿತಿಗೆ ಅರ್ಧದಾರಿಯಲ್ಲೇ ಹಿಂದಿರುಗಿದ್ದವು. ಇಂಗ್ಲೆಂಡಿನಿಂದ ಮಸ್ಟಾಂಗ್ ಬೆಂಗಾವಲಿಗೆ ಇಳಿದದ್ದು ಆ ವರ್ಷದ ಡಿಸೆಂಬರಿನಲ್ಲಿ, ಅದೂ ಹಳೆಯ ಬಿ ಮಾದರಿ. ಗುಳ್ಳೆಯಂಥ ಗಾಜಿನ ಮುಚ್ಚಳದ ಡಿ ಮಾದರಿ ಯುದ್ಧಕ್ಕೆ ಬಂದದ್ದು 1944ರ ನಡುಭಾಗದಲ್ಲಿ. ಇನ್ನು ಕೆಂಪುಬಾಲ 332ನೇ ಫೈಟರ್ ಗ್ರೂಪಿನ ಕರಿಯ ಅಮೆರಿಕನ್ ಪೈಲಟ್‌ಗಳದು. ಇಟಲಿಯಿಂದ ಅಮೆರಿಕದ 15ನೇ ವಾಯುಪಡೆಯ ಬಾಂಬರ್‌ಗಳನ್ನು ಕಾಯುತ್ತಿದ್ದವರು. ಶ್ವೈನ್‌ಫುರ್ಟ್ ದಾಳಿಯೇ ಬೇಕೆಂದರೆ ಮಸ್ಟಾಂಗ್ ಅಳಿಸಿ, ಮುಂದಿನಿಂದ ನುಗ್ಗುವ ಜರ್ಮನ್ ಫೈಟರ್ ಎಫ್‌ಡಬ್ಲ್ಯು-190ಗಳನ್ನು ತನ್ನಿ.

ಪ್ರಶ್ನೆ: ತಿರುಗುವ ಪ್ರೊಪೆಲ್ಲರನ್ನು ಹೇಗೆ ತೋರಿಸಲಿ? (ಶಿವಮೊಗ್ಗ)

ಉತ್ತರ: ಅಲಗು ಬಿಡಿಸಬೇಡಿ, ಹಾಗೆಂದು ಖಾಲಿಯೂ ಬಿಡಬೇಡಿ. ಹಿನ್ನೆಲೆ ಪೂರ್ತಿ ಒಣಗಿದ ಮೇಲೆ ಜಿಂಕ್ ವೈಟನ್ನು ಮೀಡಿಯಮ್‌ನಲ್ಲಿ ತೆಳುಮಾಡಿ ಒಂದು ತಟ್ಟೆಯಾಕಾರ ಹಚ್ಚಿ, ಬೆಳಕು ತಾಗುವ ಕಡೆ ಬೀಸಣಿಗೆಯಂತೆ ತುಸು ಹೆಚ್ಚು. ಟೈಟೇನಿಯಂ ವೈಟ್ ಬೇಡ; ಅದು ಹಿನ್ನೆಲೆಯನ್ನು ಮುಚ್ಚಿಬಿಡುತ್ತದೆ. ಅಲಗಿನ ತುದಿಯ ಹಳದಿ, ತಟ್ಟೆಯ ಅಂಚಿಗೆ ಮಸುಕಾದ ಒಂದು ಬಳೆಯಾಗಿ ಬರಲಿ.