ಜೂನೋ-106ರಲ್ಲಿ ಪ್ರತಿ ಆರನೇ ಸ್ವರ ಕಾಣೆ: ಕೊಳ್ಳಬಹುದಾ?

ರೋಲ್ಯಾಂಡ್ ಕಂಪನಿಯ ಹಳೆಯ ಸಿಂಥಸೈಜರ್ (ಎಲೆಕ್ಟ್ರಾನಿಕ್ ಕೀಬೋರ್ಡ್) ಜೂನೋ-106ರಲ್ಲಿ ಪ್ರತಿ ಆರನೇ ಸ್ವರ ಬರುತ್ತಿಲ್ಲ, ಧೂಳಿನಿಂದ ಹೀಗಾಗಿರಬಹುದಾ ಎಂದು ಕೇಳಿದ್ದೀರಿ. ಅದು ಧೂಳಲ್ಲ, ಹೆಚ್ಚಾಗಿ ವಾಯ್ಸ್ ಚಿಪ್ ಹೋಗಿರುತ್ತದೆ. ಬರ್ಲಿನ್‌ನ ಸಿಂಥ್ ಹಬ್ಬದಲ್ಲಿ ನೀವು ನೋಡಿದ ಜೂನೋ-106ರಲ್ಲಿ ಆರು ವಾಯ್ಸ್‌ಗಳಿವೆ, ಅಂದರೆ ಒಂದೊಂದು ಸ್ವರ ನುಡಿಸುವ ಆರು ಸರ್ಕ್ಯೂಟ್‌ಗಳು; ಅವು ಸರದಿಯಂತೆ ನುಡಿಯುತ್ತವೆ. ಪ್ರತಿ ಆರನೇ ಸ್ವರ ಮಾಯವಾದರೆ ಸಾಮಾನ್ಯವಾಗಿ ಒಂದು ವಾಯ್ಸ್‌ನ 80017ಎ ಎಂಬ ಚಿಪ್ ಸತ್ತಿರುತ್ತದೆ. ಅದರ ಮೇಲಿನ ಎಪಾಕ್ಸಿ (ಗಟ್ಟಿ ಅಂಟು) ಲೇಪ ಹಳತಾದಂತೆ ಕರೆಂಟ್ ಸೋರಿಸುತ್ತದೆ. 1984ರಲ್ಲಿ ಬಂದ ಮಾದರಿ, ಅಲ್ವಾ?

ನಾಳೆ ಹೋದಾಗ ಕೀ ಟ್ರಾನ್ಸ್‌ಪೋಸ್ ಬಟನ್ ಒತ್ತಿ ಹಿಡಿದು ಪವರ್ ಆನ್ ಮಾಡಿ. ಟೆಸ್ಟ್ ಮೋಡ್ ತೆರೆಯುತ್ತದೆ. ಒಂದೊಂದೇ ಕೀ ಒತ್ತಿದರೆ ಯಾವ ವಾಯ್ಸ್ ನುಡಿಯುತ್ತಿದೆ ಎಂದು ಡಿಸ್‌ಪ್ಲೇ ತೋರಿಸುತ್ತದೆ. ಕೆಟ್ಟ ವಾಯ್ಸ್‌ನ ನಂಬರ್ ಬರೆದುಕೊಳ್ಳಿ. ಹೆಡ್‌ಫೋನ್ ಹಾಕಿಯೇ ಕೇಳಿ. ಹಬ್ಬದ ಗದ್ದಲದಲ್ಲಿ, ಕೆಡುತ್ತಿರುವ ಚಿಪ್‌ನ ಚಿಟಿಚಿಟಿ ಸದ್ದು ಕಿವಿಗೇ ಬೀಳುವುದಿಲ್ಲ.

ಒಂದೇ ವಾಯ್ಸ್ ಕೆಟ್ಟಿದ್ದರೆ ಚೌಕಾಸಿ ಮಾಡಿ ಕೊಳ್ಳಿ. ಇದಕ್ಕೆ ಹೊಸ ಬದಲಿ ಚಿಪ್‌ಗಳು ಸಿಗುತ್ತವೆ. ಹಳೆಯದನ್ನೇ ಅಸಿಟೋನ್‌ನಲ್ಲಿ ನೆನೆಸಿ ಲೇಪ ಕೀಳುವವರೂ ಇದ್ದಾರೆ, ಆದರೆ ಅದು ಎಷ್ಟು ದಿನ ಬಾಳುತ್ತದೋ ಹೇಳಲಾರೆ. ಮೂರು ವಾಯ್ಸ್ ಹೋಗಿದ್ದರೆ ಬಿಟ್ಟುಬಿಡಿ. ಉಳಿದವೂ ಅದೇ ವಯಸ್ಸಿನವು.

ಹಿಂಭಾಗದ ವೋಲ್ಟೇಜ್ ಬರಹ ಮರೆಯದೆ ಓದಿ. ಜಪಾನಿನ 100 ವೋಲ್ಟ್ ಯಂತ್ರವನ್ನು ಬೆಂಗಳೂರಿನ 230ಕ್ಕೆ ಸುಮ್ನೆ ಚುಚ್ಚಿದರೆ ಸುಟ್ಟುಹೋಗುತ್ತದೆ. ತೂಕ ಸುಮಾರು 10 ಕೆಜಿ, ಉದ್ದ ಒಂದು ಮೀಟರ್. ದುಡ್ಡು ಕೊಡುವ ಮೊದಲು ವಿಮಾನದ ಲಗೇಜ್ ನಿಯಮ ನೋಡಿಕೊಳ್ಳಿ.